ಶಬ್ದ ಉಂಟು, ಮಾತಿಲ್ಲ!

ನಮ್ಮ ಅತ್ತೆಯವರಿಗೆ ಈಗ 82 ವರ್ಷ. ಊರಿನಿಂದ ಡೊಂಬಿವಲಿಯ ನಮ್ಮ ಮನೆಗೆ ಬರುವಾಗ ಅವರು ಜತೆಗೆ ತಂದ ಆಸ್ತಿಯೆಂದರೆ ಒಂದು ಬಿಸ್ಕತ್ತಿನ ಡಬ್ಬಿ ತುಂಬ ತಾಳಮದ್ದಲೆಯ ಕ್ಯಾಸೆಟ್ಟುಗಳು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯೆಂದರೆ ಅವರಿಗೆ ಪ್ರಾಣ. ಮಧ್ಯಾಹ್ನದ ಊಟವಾದ ಮೇಲೆ ಒಂದು ಕ್ಯಾಸೆಟ್ಟು ಹಾಕಲೇಬೇಕಿತ್ತು. ಅಂಥವರು ಎರಡು ವರ್ಷಗಳ ಹಿಂದೆ ಆ ಡಬ್ಬಿಯನ್ನು ಮೆಲ್ಲಗೆ ಮಂಚದಡಿಗೆ ತಳ್ಳಿಬಿಟ್ಟರು. ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಡುವುದು, ಎಲ್ಲರೂ ಮಾತಾಡುತ್ತಿರುವಾಗ ಎದ್ದು ಒಳಗೆ ಹೋಗುವುದು ಶುರುವಾಯಿತು. “ಅಮ್ಮನಿಗೆ ಮರೆವು ಹಿಡಿಯಿತು” ಎಂದು ನಮ್ಮ ಮನೆಯವರು ತೀರ್ಮಾನಿಸಿಯೇ ಬಿಟ್ಟರು.

ಒಂದು ದಿನ ನಾನೇ ಕ್ಯಾಸೆಟ್ಟು ಹಾಕಿ ಪಕ್ಕದ ಮನೆಯವರು ಗೋಡೆ ಬಡಿಯುವಷ್ಟು ಜೋರಾಗಿ ಇಟ್ಟೆ. ಅತ್ತೆ ತಲೆಯಾಡಿಸಿದರು. “ಶಬ್ದ ಉಂಟು ಮಾರಾಯ್ತಿ, ಮಾತಿಲ್ಲ. ಚೆಂಡೆ ಕೇಳ್ತದೆ, ಅರ್ಥ ಕೇಳುವುದಿಲ್ಲ.”

ಮರೆವಿನವರು ಆಡುವ ಮಾತು ಇದಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಕಿವಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಅವರು ಪರೀಕ್ಷೆ ಮಾಡಿ ವಿವರಿಸಿದ್ದನ್ನು ಗುಣಿತಾಕ್ಷರ ಕಲಿತ ಯಾರೂ ಅರ್ಥ ಮಾಡಿಕೊಳ್ಳಬಹುದು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸ್ವರಗಳನ್ನು. ಮಾತಿನಲ್ಲಿ ಸ್ವರಗಳ ಬಲವೆಲ್ಲ ತಗ್ಗಿನ ಕಂಪನಗಳಲ್ಲಿ ಇರುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು 2000 ಹರ್ಟ್ಸ್‌ಗಿಂತ ಮೇಲೆ. ಹಾಗಾಗಿ ‘ಕಾಸು’ ಎಂದರೂ ‘ತಾಸು’ ಎಂದರೂ ಅವರಿಗೆ ಒಂದೇ. ಜೋರು ಮಾಡಿದರೆ ಗುಡುಗು ಹೆಚ್ಚುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಕಿವಿಗೆ ಯಂತ್ರ ಹಾಕಿಸಿ ಎಂದರು ಡಾಕ್ಟರರು. “ನನ್ನ ಕಿವಿಗೆ ಓಲೆ ಸಾಕು” ಎಂದರು ಅತ್ತೆ!

ಹಾಗಾದರೆ ಮಾತು ತಿಳಿಯಾಗಿ ಕೇಳಿಸುವ ಒಂದು ಪೆಟ್ಟಿಗೆಯನ್ನು ನಾನೇ ಯಾಕೆ ಮಾಡಬಾರದು ಎಂಬ ಹಟ ಹುಟ್ಟಿದ್ದು ಆಗ. ಓಮನ ನಿಯಮವನ್ನು ಹತ್ತನೆಯ ತರಗತಿಯಲ್ಲೇ ಬಿಟ್ಟು ಬಂದವಳು ನಾನು. ಆದರೆ ಅಣ್ಣನ ಮಗ ಸರ್ಕಿಟ್ಟು ಓದುವುದನ್ನು ಕಲಿಸಿಕೊಟ್ಟ, ಬೆಸುಗೆ ಹಾಕುವುದು ಚಕ್ಕುಲಿ ಒತ್ತುವುದಕ್ಕಿಂತ ಕಷ್ಟವೇನಲ್ಲ.

ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅಂಗಡಿಯವನು ಮೊದಲು ಕೇಳಿದ್ದೇ “ಎಷ್ಟು ವ್ಯಾಟ್ ಬೇಕು?” ಎಂದು. ನಾವೆಲ್ಲ ಮೋಸ ಹೋಗುವುದು ಇಲ್ಲೇ. 1990ರ ದಶಕದಲ್ಲಿ ಟು-ಇನ್-ಒನ್‌ಗಳ ಮೇಲೆ ಸಾವಿರಗಟ್ಟಲೆ ವ್ಯಾಟ್ ‘ಪಿಎಂಪಿಒ’ ಎಂದು ಬರೆದಿರುತ್ತಿದ್ದುದು ನೆನಪಿದೆಯೇ? ಅದು ಬರಿಯ ಜಾಹೀರಾತಿನ ಲೆಕ್ಕ. ವ್ಯಾಟ್ ಎರಡು ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ಸ್ವಲ್ಪ ಜಾಸ್ತಿ ಅನ್ನಿಸುತ್ತದೆ ಅಷ್ಟೆ. ಎರಡರಷ್ಟು ಜೋರು ಅನ್ನಿಸಬೇಕಾದರೆ ಹೆಚ್ಚು ಕಡಿಮೆ ಹತ್ತು ಪಟ್ಟು ವ್ಯಾಟ್ ಬೇಕು. ಕುರ್ಚಿಯ ಪಕ್ಕದಲ್ಲಿ ಇಡುವ ಪೆಟ್ಟಿಗೆಗೆ ಐದಾರು ವ್ಯಾಟ್ ಧಾರಾಳವಾಯಿತು.

ನಾನು ತಂದದ್ದು ಐದು ಕಾಲಿನ ‘ಟಿಡಿಎ 2030’ ಎಂಬ ಐಸಿ, ಅದರ ಬೋರ್ಡು, 9-0-9 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಶಾಖ ಹೀರುವ ಅಲ್ಯೂಮಿನಿಯಂ ತಗಡು ಮತ್ತು 8 ಓಮಿನ ನಾಲ್ಕು ಇಂಚಿನ ಒಂದು ಸ್ಪೀಕರ್. ಸ್ಪೀಕರಿನ ಅಂಚು ರಬ್ಬರಿನದಾಗಿರುವಂತೆ ನೋಡಿಕೊಂಡೆ. ಸ್ಪಂಜಿನ ಅಂಚು ನಮ್ಮ ಮುಂಬಯಿಯ ತೇವಕ್ಕೆ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ. ಐಸಿಯ ಬೆನ್ನಿಗೆ ಋಣ ವಿದ್ಯುತ್ತಿನ ಸಂಪರ್ಕವಿರುವುದರಿಂದ ತಗಡಿಗೂ ಅದಕ್ಕೂ ನಡುವೆ ಅಭ್ರಕದ ಹಾಳೆ ಇಡಬೇಕು. 230 ವೋಲ್ಟಿನ ಕಡೆಯ ಕೆಲಸವನ್ನು ಮಾತ್ರ ಸೊಸೈಟಿಯ ಎಲೆಕ್ಟ್ರಿಷಿಯನ್ ಕೈಯಿಂದಲೇ ಫ್ಯೂಸು, ಅರ್ಥಿಂಗ್ ಸಮೇತ ಮಾಡಿಸಿದೆ. ಅದರಲ್ಲಿ ಜಿಪುಣತನ ಬೇಡ, ಧೈರ್ಯವೂ ಬೇಡ.

ಪೆಟ್ಟಿಗೆಗೆ ಬಡಗಿಯ ಬಳಿ ಉಳಿದಿದ್ದ ದಪ್ಪ ಪ್ಲೈವುಡ್ ತುಂಡುಗಳಾದವು. ಬರಿಯ ಸ್ಪೀಕರನ್ನು ಹಿಡಿದು ಹಾಡಿಸಿ ನೋಡಿ, ಧ್ವನಿ ಬಡಕಲಾಗಿರುತ್ತದೆ. ಮುಂದಿನಿಂದ ಹೊರಟ ಅಲೆಯನ್ನು ಹಿಂದಿನಿಂದ ಹೊರಟ ಅಲೆ ತಗ್ಗಿನ ಸ್ವರಗಳಲ್ಲಿ ಅಳಿಸಿಹಾಕುವುದೇ ಇದಕ್ಕೆ ಕಾರಣ. ಅದಕ್ಕೇ ಪೆಟ್ಟಿಗೆ ಗಾಳಿಯಾಡದಂತೆ ಮುಚ್ಚಿರಬೇಕು. ಸಂದುಗಳಿಗೆ ಫೆವಿಕಾಲ್ ಮತ್ತು ಮರದ ಹೊಟ್ಟು ಕಲಸಿ ಮೆತ್ತಿದೆ. ಒಳಗೆ ಹಳೆಯ ದಿಂಬಿನ ಹತ್ತಿಯನ್ನು ಸಡಿಲವಾಗಿ ತುಂಬಿದೆ.

ಮೊದಲ ದಿನ ಶೇಣಿಯವರ ಬದಲು ‘ಗುಂಯ್’ ಎಂಬ ಜೇನುಗೂಡು ಮಾತಾಡಿತು! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಪ್ಪು ನನ್ನದೇ ಎಂದು ತಿಳಿಯಿತು. ಟೇಪಿನಿಂದ ಬರುವ ತಂತಿಯನ್ನು ಟ್ರಾನ್ಸ್‌ಫಾರ್ಮರಿಗೆ ಒತ್ತಿಕೊಂಡೇ ಎಳೆದಿದ್ದೆ. ನೆಲದ ತಂತಿಗಳನ್ನು ಕಂಡ ಕಂಡಲ್ಲಿ ಕೂಡಿಸಿದ್ದೆ. ಜಾಲರಿ ಹೊದಿಕೆಯ ತಂತಿ ಹಾಕಿ, ಟ್ರಾನ್ಸ್‌ಫಾರ್ಮರನ್ನು ದೂರದ ಮೂಲೆಗೆ ಸರಿಸಿ, ನೆಲದ ತಂತಿಗಳೆಲ್ಲ ಒಂದೇ ಬಿಂದುವಿನಲ್ಲಿ ಸೇರುವಂತೆ ಮಾಡಿದ ಮೇಲೆ ಜೇನುಗೂಡು ಅಡಗಿತು.

ಇನ್ನು ಮಾತನ್ನು ತಿಳಿಗೊಳಿಸಬೇಕಿತ್ತು. ಬೋರ್ಡಿನ ಬಾಯಲ್ಲಿದ್ದ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ತೆಗೆದು 0.047ರದು ಹಾಕಿದೆ. ನಮ್ಮ ಸರ್ಕಿಟ್ಟಿನಲ್ಲಿ ಇದರಿಂದ ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನ ಗುಡುಗು ತಗ್ಗುತ್ತದೆ, ವ್ಯಂಜನಗಳು ಎದ್ದು ಕಾಣುತ್ತವೆ. ಖರ್ಚು ಒಂದೆರಡು ರೂಪಾಯಿ. ಮಾತು ಕೇಳಲು ಒಂದೇ ಸ್ಪೀಕರ್ ಸಾಕಾದ್ದರಿಂದ ಎಡ-ಬಲ ತಂತಿಗಳನ್ನು ಒಂದೊಂದು ರೆಸಿಸ್ಟರಿನ ಮೂಲಕ ಸೇರಿಸಿದೆ. ನೇರವಾಗಿ ಸೇರಿಸಬಾರದು.

ಎಲ್ಲಕ್ಕಿಂತ ದೊಡ್ಡ ಗುಣ ಕೊಟ್ಟ ಉಪಾಯಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ಹಳೆಯ ಟೇಪಿನಲ್ಲಿ ಕ್ಯಾಸೆಟ್ಟಿಗೆ ತಾಗುವ ಹೆಡ್ಡಿನ ಪಕ್ಕ ಒಂದು ಪುಟ್ಟ ತಿರುಪು ಇರುತ್ತದೆ. ಹೆಡ್ಡು ಕೂದಲೆಳೆಯಷ್ಟು ಓರೆಯಾದರೂ ಕೀರಲು ಸ್ವರಗಳೇ ಮೊದಲು ಮಾಯವಾಗುತ್ತವೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆ. ತಿರುಪು ಮೊದಲಿದ್ದ ಜಾಗಕ್ಕೆ ಗುರುತು ಹಾಕಿಕೊಂಡು, ಅಯಸ್ಕಾಂತದ ಗುಣವಿಲ್ಲದ ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತಿನೊಳಗೇ ಆಚೀಚೆ ತಿರುಗಿಸಿದೆ. ತಾಳದ ‘ಟಣ್’ ಅತಿ ಚುರುಕಾಗಿ ಕೇಳಿದಲ್ಲಿ ನಿಲ್ಲಿಸಿದೆ. ಅಷ್ಟು ದಿನ ಕಂಬಳಿ ಹೊದ್ದು ಮಾತಾಡುತ್ತಿದ್ದವರು ಎದುರಿಗೆ ಬಂದು ಕೂತಂತಾಯಿತು.

ಕೊನೆಯದಾಗಿ, ಪೆಟ್ಟಿಗೆಯನ್ನು ಶೋಕೇಸಿನಿಂದ ಇಳಿಸಿ ಅತ್ತೆಯವರ ಕಿವಿಯ ಮಟ್ಟಕ್ಕೆ, ಕೈಗೆಟುಕುವ ದೂರದಲ್ಲಿ ಇಟ್ಟೆ. ಟೈಲ್ಸಿನ ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿದೆ. ಕೋಣೆಯ ಪ್ರತಿಧ್ವನಿ ತಗ್ಗಿದಷ್ಟೂ ಅಕ್ಷರಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ.

ಆ ಮಧ್ಯಾಹ್ನ ವಾಲಿವಧೆಯ ಕ್ಯಾಸೆಟ್ಟು ಹಾಕಿದೆ. ಅತ್ತೆ ಹತ್ತು ನಿಮಿಷ ಮಾತಿಲ್ಲದೆ ಕೇಳಿದರು. ಆಮೇಲೆ ನನ್ನನ್ನು ಕರೆದು “ಸ್ವಲ್ಪ ಸಣ್ಣ ಮಾಡು” ಎಂದರು. ಎರಡು ವರ್ಷಗಳಲ್ಲಿ ಆ ಮನೆಯಲ್ಲಿ ಶಬ್ದ ಕಡಿಮೆ ಮಾಡಲು ಹೇಳಿದವರು ಅವರೊಬ್ಬರೇ! ಸಂಜೆ ಮಗ ಕೆಲಸದಿಂದ ಬಂದಾಗ ವಾಲಿಯ ಪರವಾಗಿ ವಾದಕ್ಕೇ ಕೂತರು. ಮರೆವಿನ ಸುದ್ದಿ ನಮ್ಮ ಮನೆಯಲ್ಲಿ ಅಂದಿಗೆ ಮುಗಿಯಿತು.

ತಿಂಗಳು ಕಳೆದ ಮೇಲೆ ಅವರೇ “ಪೆಟ್ಟಿಗೆಯ ಮಾತು ಕೇಳ್ತದೆ, ನಿಮ್ಮದು ಕೇಳುವುದಿಲ್ಲವಲ್ಲ, ಆ ಯಂತ್ರ ನೋಡುವ” ಎಂದರು. ಈಗ ಕಿವಿಯಲ್ಲಿ ಓಲೆಯೂ ಇದೆ, ಯಂತ್ರವೂ ಇದೆ.

ನನಗೆ ಆದ ಒಟ್ಟು ಖರ್ಚು ಎರಡು ಸಾವಿರ ರೂಪಾಯಿಗಳೊಳಗೆ. ಸೋದರಿಯರೇ, ನಿಮ್ಮ ಮನೆಯ ಹಿರಿಯರು ಮಾತಿನ ನಡುವೆ ಎದ್ದು ಹೋಗುತ್ತಿದ್ದರೆ ಮರೆವೆಂದು ತೀರ್ಮಾನಿಸುವ ಮೊದಲು ಅವರ ಕಿವಿ ತೋರಿಸಿ. ಹೊಸ ಸ್ಟೀರಿಯೋ ಕೊಳ್ಳುವ ಮೊದಲು ಹಳೆಯದರ ಹೆಡ್ಡನ್ನೊಮ್ಮೆ ಒರೆಸಿ, ಪೆಟ್ಟಿಗೆಯನ್ನು ಅವರ ಹತ್ತಿರಕ್ಕೆ ತಂದಿಡಿ.