ಆಸ್ಪತ್ರೆಯ ಲೆಕ್ಕದ ಪುಸ್ತಕ

ದಿನದ ಲೆಕ್ಕವನ್ನು ನೋಡದೆ ಅಂಗಡಿಯವನು ಬಾಗಿಲು ಹಾಕುವುದಿಲ್ಲ. ಆಸ್ಪತ್ರೆಗೂ ಅಂತಹದೊಂದು ಲೆಕ್ಕ ಬೇಡವೆ? ರೋಗಿಯು ಗುಣಹೊಂದಿದರೆ ವೈದ್ಯರ ಕೈಗುಣವೆಂದೂ, ತೀರಿಕೊಂಡರೆ ಹಣೆಯ ಬರಹವೆಂದೂ ಹೇಳಿ ಸಮಾಧಾನಪಡುವುದು ನಮ್ಮ ವಾಡಿಕೆ. ಆ ಬರಹದಲ್ಲಿ ಮನುಷ್ಯರ ಕೈವಾಡವೆಷ್ಟೆಂಬುದನ್ನು ಲೆಕ್ಕವಿಲ್ಲದೆ ತಿಳಿಯಲಾರೆವು.

ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಯ ವಿಭಾಗಗಳು ಎರಡಿದ್ದುವು. 1846ರಲ್ಲಿ, ವೈದ್ಯವಿದ್ಯಾರ್ಥಿಗಳು ಕಲಿಯುತ್ತಿದ್ದ ಮೊದಲನೆಯದರಲ್ಲಿ ನೂರಕ್ಕೆ 11ಕ್ಕಿಂತ ಹೆಚ್ಚು ಬಾಣಂತಿಯರು ಸತ್ತರು. ಸೂಲಗಿತ್ತಿಯರು ಕಲಿಯುತ್ತಿದ್ದ ಎರಡನೆಯದರಲ್ಲಿ ನೂರಕ್ಕೆ 3ಕ್ಕಿಂತ ಕಡಮೆ. ಊರೊಂದೇ, ಗಾಳಿಯೊಂದೇ, ಈ ಅಂತರವೇಕೆ? ಸೆಮ್ಮೆಲ್‌ವೈಸ್ ಎಂಬ ತರುಣವೈದ್ಯನನ್ನು ಈ ಪ್ರಶ್ನೆ ಬಿಡದೆ ಕಾಡಿತು. ಶವಗಳನ್ನು ಪರೀಕ್ಷಿಸಿದ ಕೈಗಳಿಂದಲೇ ವಿದ್ಯಾರ್ಥಿಗಳು ಗರ್ಭಿಣಿಯರನ್ನು ಮುಟ್ಟುತ್ತಿದ್ದುದನ್ನು ಮನಗಂಡು, 1847ರ ಮೇ ತಿಂಗಳಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಕೈತೊಳೆಯಬೇಕೆಂಬ ಕಟ್ಟಳೆಯನ್ನು ಅವನು ಮಾಡಿದನು. 1848ರಲ್ಲಿ ಮೊದಲನೆಯ ವಿಭಾಗದ ಮರಣವು ನೂರಕ್ಕೆ ಸುಮಾರು ಒಂದೂಕಾಲಕ್ಕೆ ಇಳಿಯಿತು. ಆದರೂ ಹಿರಿಯರನೇಕರು ಒಪ್ಪಲಿಲ್ಲ. ಒಪ್ಪಿದರೆ ಕೊಂದ ಕೈ ತಮ್ಮದೇ ಎಂದಂತಾಗುತ್ತಿತ್ತು.

ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಈ ಸಂಕೋಚವನ್ನು ಮೀರಿದನು. ಮನೆಗೆ ಮರಳಿದ ರೋಗಿಯ ಸ್ಥಿತಿಯನ್ನು ವರ್ಷ ಕಳೆದ ಮೇಲೂ ವಿಚಾರಿಸಿ ಬರೆದಿಡಬೇಕೆಂಬುದು ಅವನ ಮತ. 1911ರಿಂದ 1916ರವರೆಗೆ ತನ್ನ ಸಣ್ಣ ಆಸ್ಪತ್ರೆಯಿಂದ ಹೊರಟ 337 ರೋಗಿಗಳ ವಿಷಯದಲ್ಲಿ ನಡೆದ 123 ತಪ್ಪುಗಳನ್ನು ಅವನು ತಾನೇ ಅಚ್ಚುಹಾಕಿಸಿದನು.

ಇಂದು ಉತ್ತಮ ಆಸ್ಪತ್ರೆಗಳು ಮರಣವನ್ನಲ್ಲದೆ, ಗಾಯದ ನಂಜು, ಔಷಧದ ಅದಲುಬದಲು, ಹಾಸಿಗೆಯ ಹುಣ್ಣು, ಕಾಲುಜಾರಿ ಬೀಳುವುದು ಇವೆಲ್ಲವನ್ನೂ ಎಣಿಸುತ್ತವೆ. ಎಣಿಸಿದ ಮೇಲೆ ತಿದ್ದುವ ಉಪಾಯವೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಪಟ್ಟಿಯೊಂದನ್ನು ಸಿದ್ಧಪಡಿಸಿತು: ರೋಗಿ ಯಾರು, ಕೊಯ್ಯತಕ್ಕ ಜಾಗ ಯಾವುದು, ಬಟ್ಟೆ ಸೂಜಿಗಳ ಎಣಿಕೆ ಸರಿಯೆ ಎಂದು ಗಟ್ಟಿಯಾಗಿ ಕೇಳಿಕೊಳ್ಳುವುದು. ಹೊಸ ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಇದನ್ನು ಪರೀಕ್ಷಿಸಲಾಗಿ, ಮರಣವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದುದಾಗಿ 2009ರಲ್ಲಿ ಪ್ರಕಟವಾಯಿತು.

ಆದರೆ ಅಂಕೆಗಳನ್ನು ಓದುವಾಗ ವಿವೇಕವಿರಬೇಕು. ಕಠಿನ ರೋಗಿಗಳನ್ನು ಸೇರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಸಾವು ಹೆಚ್ಚಾಗಿರುವುದು ಸಹಜ. ರೋಗದ ಉಗ್ರತೆಯನ್ನು ತೂಗದೆ ಹೋಲಿಸಿದರೆ ಅನ್ಯಾಯವಾದೀತು. ತಪ್ಪನ್ನು ಹೇಳಿದ ದಾದಿಯನ್ನು ದಂಡಿಸಿದೆವೆಂದರೆ, ಮುಂದಿನ ತಪ್ಪು ನಮ್ಮ ಕಿವಿಗೆ ಬೀಳದು. ಪುಸ್ತಕ ಶುಭ್ರವಾಗುವುದು, ರೋಗಿಯ ಅಪಾಯವು ಹಾಗೆಯೇ ಉಳಿಯುವುದು.

ಆದುದರಿಂದ ಆಸ್ಪತ್ರೆಯೊಂದನ್ನು ಹೊಗಳುವಾಗ ಅದರ ಕಟ್ಟಡವನ್ನೂ ಯಂತ್ರಗಳನ್ನೂ ನೋಡಿ ತೃಪ್ತರಾಗದಿರೋಣ. ಅದು ತನ್ನ ತಪ್ಪುಗಳನ್ನು ಬರೆದಿಡುವುದೆ, ಬರೆದುದನ್ನು ತಿದ್ದಿಕೊಳ್ಳುವುದೆ ಎಂದು ಕೇಳೋಣ. ನಮ್ಮವರನ್ನು ಅಲ್ಲಿ ಮಲಗಿಸುವ ನಮಗೆ ಹಾಗೆ ಕೇಳುವ ಅಧಿಕಾರವುಂಟು.