ಮಿಂಚುದೀಪವೂ ಮಂಕಾದ ಚಿತ್ರವೂ

ಹೆಬ್ಬಾಳವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಅಮೃತಹಳ್ಳಿಯು ಸಿಕ್ಕುವುದು. ಅಲ್ಲಿ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಒಂದು ಸಂಜೆ ನಾಮಕರಣವು ನಡೆಯಿತು. ತೊಂಬತ್ತನ್ನು ಸಮೀಪಿಸಿದ ಮುತ್ತಜ್ಜಿಯವರು ಮರಿಮಗನನ್ನು ತೊಡೆಯ ಮೇಲಿಟ್ಟುಕೊಂಡು ಅವನ ಕಿವಿಯಲ್ಲಿ ಹೆಸರನ್ನು ಉಸುರಿದರು. ಚಿತ್ರ ತೆಗೆಯುವ ಭಾರವು ನಮ್ಮ ಮೇಲೆ ಬಿದ್ದಿತ್ತು. ಫ್ಲಾಷ್ ದೀಪವು ಮಿಂಚಿತು. ಕಾರ್ಯವು ಮುಗಿಯಿತೆಂದು ನಾವು ನೆಮ್ಮದಿಯಿಂದ ಊಟಕ್ಕೆ ಕುಳಿತೆವು.

ರಾತ್ರಿ ನೋಡಲಾಗಿ, ಮುಂದೆ ಕುಳಿತಿದ್ದ ಹುಡುಗನೊಬ್ಬನ ಬೆನ್ನು ಸೊಗಸಾಗಿ ಬೆಳಗಿದ್ದಿತು. ಅಜ್ಜಿಯ ಮುಖವು ಕತ್ತಲೆಯಲ್ಲಿ ಮುಳುಗಿದ್ದಿತು. ಗಣಕಯಂತ್ರದಲ್ಲಿ ಅದನ್ನು ತಿಳಿಯಾಗಿಸಿದೊಡನೆ ಮುಖದ ತುಂಬ ರವೆ ಚೆಲ್ಲಿದಂತೆ ಬಣ್ಣಬಣ್ಣದ ಕಣಗಳು ಎದ್ದುವು.

ಕ್ಯಾಮರಾದಲ್ಲಿ ಲೋಪವಿರಲಿಲ್ಲ, ಲೋಪವು ನಮ್ಮ ತಿಳಿವಳಿಕೆಯಲ್ಲಿದ್ದಿತು. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಬೆರೆಸಿದ ಮಿಂಚುಪುಡಿಯು ಬಳಕೆಗೆ ಬಂದಂದಿನಿಂದ ಇಂದಿನ ವಿದ್ಯುತ್ ಫ್ಲಾಷಿನವರೆಗೆ ಒಂದು ನಿಯಮವು ಬದಲಾಗಿಲ್ಲ. ದೀಪದಿಂದ ದೂರವು ಎರಡರಷ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುವುದು. ಮೂರರಷ್ಟಾದರೆ ಒಂಬತ್ತರಲ್ಲೊಂದು ಪಾಲು. ಹುಡುಗನು ನಮಗೆ 2 ಮೀಟರು ದೂರದಲ್ಲಿದ್ದನು, ಅಜ್ಜಿಯವರು 5 ಮೀಟರು. ಅವನ ಬೆನ್ನಿಗೆ ಬಿದ್ದ ಬೆಳಕಿನಲ್ಲಿ ಆರರಲ್ಲೊಂದು ಪಾಲೂ ಅವರ ಮುಖಕ್ಕೆ ತಲಪಲಿಲ್ಲ.

ದೀಪದ ಶಕ್ತಿಯನ್ನು ಗೈಡ್ ನಂಬರೆಂಬ ಅಂಕಿಯಿಂದ ಸೂಚಿಸುವರು. ಕ್ಯಾಮರಾದೊಳಗೇ ಅಡಕವಾದ ದೀಪಗಳಲ್ಲಿ ಅನೇಕಕ್ಕೆ ಇದು ಐ.ಎಸ್.ಒ. 100ರಲ್ಲಿ ಸುಮಾರು 12 ಮೀಟರು. ಇದನ್ನು ಲೆನ್ಸಿನ ಕಿಂಡಿಯ ಅಂಕಿಯಿಂದ ಭಾಗಿಸಿದರೆ ಬೆಳಕು ಸಾಲುವ ದೂರವು ದೊರೆಯುವುದು. ಕಿಂಡಿಯು 5.6 ಇದ್ದರೆ ಅದು 2 ಮೀಟರಿಗೆ ತುಸು ಹೆಚ್ಚು, ಎಂದರೆ ಏಳಡಿ ಮಾತ್ರ! ಐ.ಎಸ್.ಒ.ವನ್ನು 400ಕ್ಕೆ ಏರಿಸಿದರೆ ಈ ದೂರವು ಎರಡರಷ್ಟಾಗುವುದು. 1600ಕ್ಕೆ ಏರಿಸಿದರೆ ನಾಲ್ಕರಷ್ಟು.

ಐ.ಎಸ್.ಒ. ಏರಿದರೆ ಕಣಗಳು ಹೆಚ್ಚುವುವೆಂಬ ಭಯದಿಂದ ನಾವು ಅದನ್ನು 100ರಲ್ಲಿಯೇ ಕಟ್ಟಿಹಾಕಿದ್ದೆವು. ಆದರೆ ಕಣಗಳಿಗೆ ಮೂಲಕಾರಣವು ಬೆಳಕಿನ ಬಡತನ. ಬಡ ಬೆಳಕಿನ ಚಿತ್ರವನ್ನು ಆಮೇಲೆ ಎಷ್ಟು ಬೆಳಗಿಸಿದರೂ ಮುಖದೊಡನೆ ಕಣಗಳೂ ಬೆಳಗುವುವೇ ಹೊರತು ಇಲ್ಲದ ವಿವರವು ಹುಟ್ಟದು. ಆದುದರಿಂದ ಮೊದಲು ಹತ್ತಿರ ಹೋಗತಕ್ಕದ್ದು; ಎರಡನೆಯದಾಗಿ ಕಿಂಡಿಯನ್ನು ಅಗಲಿಸತಕ್ಕದ್ದು; ಅಷ್ಟಕ್ಕೂ ಸಾಲದಿದ್ದರೆ ಸಂಕೋಚಪಡದೆ ಐ.ಎಸ್.ಒ.ವನ್ನು ಏರಿಸತಕ್ಕದ್ದು. ಷಟರಿನ ವೇಗವನ್ನು ಒಂದು ಸೆಕೆಂಡಿನ 60ನೆಯ ಒಂದು ಪಾಲಿಗೆ ಇಳಿಸಿದರೆ ಕೋಣೆಯ ದೀಪಗಳ ಬೆಳಕೂ ನೆರವಾಗುವುದು. ಆಗ ಕೈಯೂ ಕುಳಿತವರೂ ಅಲುಗಬಾರದು.

ಬೇರೆ ಕಾರಣಗಳೂ ಉಂಟು. ಒಂದು ಸಲ ಮಿಂಚಿದ ದೀಪವು ಮತ್ತೆ ಶಕ್ತಿ ತುಂಬಿಕೊಳ್ಳಲು ಕೆಲವು ಕ್ಷಣಗಳು ಬೇಕು; ಬ್ಯಾಟರಿಯು ಬಳಲಿದ್ದರೆ ಇನ್ನೂ ತಡ. ಅವಸರದಿಂದ ಗುಂಡಿಯನ್ನೊತ್ತಿದರೆ ಎರಡನೆಯ ಚಿತ್ರವು ಮಂಕಾಗುವುದು. ಬೆಳ್ಳಿಯ ತಟ್ಟೆ, ಕನ್ನಡಿ, ಸುಣ್ಣದ ಗೋಡೆ ಎದುರಿಗಿದ್ದರೆ ಕ್ಯಾಮರಾವು ಬೆಳಕು ಸಾಕೆಂದು ಮೋಸಹೋಗಿ ಮಿಂಚನ್ನು ಮೊಟಕುಮಾಡುವುದು. ಆಗ ಫ್ಲಾಷಿನ ತಿದ್ದುಪಡಿಯನ್ನು ಒಂದು ಮೆಟ್ಟಿಲು ಹೆಚ್ಚಿಸಬೇಕು. ಬೇರೆ ಫ್ಲಾಷನ್ನು ಮೇಲೆ ಸಿಕ್ಕಿಸಿಕೊಂಡವರು ಬಿಳಿಯ ತಾರಸಿಗೆ ಮುಖಮಾಡಿ ಮಿಂಚಿಸಿದರೆ ಮುಖಗಳು ಮೃದುವಾಗಿ ಮೂಡುವುವು. ಆದರೆ ಬೆಳಕಿನ ದಾರಿಯು ಬೆಳೆಯುವುದರಿಂದ ಹೆಚ್ಚು ಶಕ್ತಿಯು ಬೇಕಾಗುವುದು.

ಮುಂದಿನ ಭಾನುವಾರ ಪುನಃ ಅಮೃತಹಳ್ಳಿಗೆ ಹೋದೆವು. ಅಜ್ಜಿಯವರು ನಗುತ್ತ ಮಗುವನ್ನೆತ್ತಿಕೊಂಡು ಕುಳಿತರು. ನಾವು ನಾಲ್ಕಡಿಯಲ್ಲಿ ಕುಳಿತು ತೆಗೆದೆವು. ಮುಖದ ಒಂದೊಂದು ಸುಕ್ಕೂ ಸ್ಪಷ್ಟವಾಗಿ ಮೂಡಿತು. ಆದರೂ ಮಗುವಿಗೆ ಮೊತ್ತಮೊದಲು ಹೆಸರು ಹೇಳಿದ ಆ ಗಳಿಗೆಯ ಚಿತ್ರವು ಮನೆಯವರಿಗೆ ದೊರೆಯಲೇ ಇಲ್ಲ. ವಾಚಕರು ತಮ್ಮ ಮನೆಯ ಶುಭಕಾರ್ಯಕ್ಕೆ ಮುಂಚಿತವಾಗಿಯೇ ಅದೇ ಕೋಣೆಯಲ್ಲಿ, ಅದೇ ದೀಪದಲ್ಲಿ, ಯಾರನ್ನಾದರೂ ಕೂರಿಸಿ ಒಂದು ಚಿತ್ರವನ್ನು ತೆಗೆದು, ದೊಡ್ಡದಾಗಿಸಿ ನೋಡಿಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ.