ಕಿಡ್ನಿಗೂ ಉಂಟು ಹಗಲು ರಾತ್ರಿ

ಬೆಳಗಿನ ಮೊದಲ ಮೂತ್ರ ಕಡು ಹಳದಿ. ಮಧ್ಯಾಹ್ನದ ಹೊತ್ತಿಗೆ ತಿಳಿ. ರಾತ್ರಿಯಿಡೀ ನೀರು ಕುಡಿದಿಲ್ಲವಲ್ಲ, ಅದಕ್ಕೇ ಇರಬೇಕು ಎಂದುಕೊಳ್ಳುತ್ತೇವೆ. ಆದರೆ ಸ್ವಯಂಸೇವಕರನ್ನು ಹಗಲೂ ರಾತ್ರಿ ಮಲಗಿಸಿಯೇ ಇಟ್ಟು, ಹೊತ್ತು ಹೊತ್ತಿಗೆ ಒಂದೇ ಅಳತೆಯ ಊಟ, ನೀರು ಕೊಟ್ಟು ನೋಡಿದರೂ ಮೂತ್ರ ಹಗಲಿಗೇ ಹೆಚ್ಚು, ರಾತ್ರಿ ಕಡಿಮೆ.

ನಮ್ಮ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಒಂದೂವರೆ ಲೀಟರ್‌ನಷ್ಟು ಹೊರಹೋಗುತ್ತದೆ, ಉಳಿದದ್ದೆಲ್ಲ ಮರಳಿ ರಕ್ತಕ್ಕೆ. ಸೋಸುವ ವೇಗ ಹಗಲು ಏರುತ್ತದೆ, ರಾತ್ರಿ ಇಳಿಯುತ್ತದೆ. ನಿದ್ದೆಯಲ್ಲಿ ಮೆದುಳಿನಿಂದ ಬರುವ ವ್ಯಾಸೋಪ್ರೆಸಿನ್ ಹಾರ್ಮೋನು ನೀರನ್ನು ಹಿಡಿದಿಡುವುದರಿಂದಲೂ ನಾವು ಬೆಳಗಿನವರೆಗೆ ಏಳದೆ ಮಲಗುತ್ತೇವೆ.

ಮುಖ್ಯ ಗಡಿಯಾರ ಇರುವುದು ಮೆದುಳಿನ ಹೈಪೋಥಲಾಮಸ್‌ನಲ್ಲಿ. ಕಣ್ಣಿಗೆ ಬಿದ್ದ ಬೆಳಕೇ ಅದಕ್ಕೆ ಹೊತ್ತು ತಿಳಿಸುತ್ತದೆ. ಆದರೆ ಕಿಡ್ನಿಯ ಜೀವಕೋಶಗಳೊಳಗೂ ಸ್ವಂತ ಗಡಿಯಾರಗಳಿವೆ. ಅವು ನಡೆಯುವುದು ಹೀಗೆ: ಪೀರಿಯಡ್ ಎಂಬ ಜೀನ್‌ನಿಂದ ಪ್ರೋಟೀನು ತಯಾರಾಗಿ ಕೂಡುತ್ತಾ ಹೋಗುತ್ತದೆ. ಸಾಕಷ್ಟು ಕೂಡಿದಾಗ ತನ್ನ ತಯಾರಿಯನ್ನು ತಾನೇ ನಿಲ್ಲಿಸುತ್ತದೆ. ಕರಗಿದ ಮೇಲೆ ತಯಾರಿ ಮತ್ತೆ ಶುರು. ಈ ಸುತ್ತಿಗೆ ಸುಮಾರು 24 ಗಂಟೆ. ಹಣ್ಣಿನ ನೊಣದಲ್ಲಿ ಇದನ್ನು ಬಿಡಿಸಿಟ್ಟ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ಇದೇ ಜೀನ್ ಬಳಗ ಕಿಡ್ನಿಯ ಮೂತ್ರನಾಳಿಕೆಗಳಲ್ಲಿ ಉಪ್ಪಿನಲ್ಲಿರುವ ಸೋಡಿಯಂ ಒಳಬಿಡುವ ಬಾಗಿಲುಗಳ ಮೇಲೂ ಹಿಡಿತ ಇಟ್ಟುಕೊಂಡಿದೆ ಎಂಬುದು ಇಲಿಗಳಲ್ಲಿ ಕಂಡುಬಂದಿದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಉಪ್ಪಿನ ವಿಚಾರ. ಆರೋಗ್ಯವಂತರ ರಕ್ತದೊತ್ತಡ ನಿದ್ದೆಯಲ್ಲಿ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ಸೊರಗಿದ ಕಿಡ್ನಿ ಹಗಲಿನ ಉಪ್ಪನ್ನು ಹಗಲಲ್ಲೇ ಹೊರಹಾಕಲಾರದು. ಆಗ ರಾತ್ರಿಯೂ ಒತ್ತಡ ಇಳಿಯದೆ, ಆ ಒತ್ತಡದ ಬಲದಿಂದಲೇ ಉಪ್ಪೂ ನೀರೂ ಹೊರಬೀಳುತ್ತವೆ. ಮಲಗಿದವರು ಮತ್ತೆ ಮತ್ತೆ ಎದ್ದು ಬಚ್ಚಲಿಗೆ ಹೋಗಬೇಕಾಗುತ್ತದೆ. ಹಗಲು ಕ್ಲಿನಿಕ್ಕಿನಲ್ಲಿ ಬಿ.ಪಿ. ನೋಡಿದ ಮಾತ್ರಕ್ಕೆ ರಾತ್ರಿ ಒತ್ತಡ ಇಳಿಯದಿರುವುದು ಗೊತ್ತಾಗದು.

ಮನೆಯ ಹಿರಿಯರು ರಾತ್ರಿ ಎರಡು ಮೂರು ಸಲ ಏಳುತ್ತಿದ್ದರೆ ವಯಸ್ಸಾಯಿತು ಎಂದು ಬಿಟ್ಟುಬಿಡಬೇಡಿ. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್, ಹೃದಯದ ತೊಂದರೆಯೂ ಕಾರಣವಿರಬಹುದು. ಎರಡು ಮೂರು ದಿನ ಅಳತೆಯ ಪಾತ್ರೆಯಲ್ಲಿ ಮೂತ್ರ ಹಿಡಿದು, ಹೊತ್ತು ಮತ್ತು ಪ್ರಮಾಣ ಬರೆದಿಡಿ. ದಿನದ ಒಟ್ಟು ಮೂತ್ರದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ರಾತ್ರಿಯದ್ದೇ ಆಗಿದ್ದರೆ, ಆ ಚೀಟಿ ಹಿಡಿದು ವೈದ್ಯರನ್ನು ಕಾಣಿ.